ಹೃದಯ ಬಡಿತ ಮಾಪಕ ಕೊಳ್ಳುವ ಮೊದಲು ನಿಮ್ಮ ಕೈಯನ್ನು ಗಮನಿಸಿ

ವ್ಯಾಯಾಮಕ್ಕೆಂದು ಹೃದಯ ಬಡಿತ ಮಾಪಕ ಕೊಳ್ಳಲು ಹೊರಟವರು ಮೊದಲು ಕೇಳುವುದು ಕಂಪನಿಯ ಹೆಸರನ್ನು, ಆಮೇಲೆ ಬೆಲೆಯನ್ನು. ಎರಡಕ್ಕೂ ಮುಂಚೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ವ್ಯಾಯಾಮದ ಹೊತ್ತಿನಲ್ಲಿ ನನ್ನ ಕೈ ಏನು ಮಾಡುತ್ತಿರುತ್ತದೆ? ನಡೆಯುವವರ ಕೈ ಸಲೀಸಾಗಿ ಬೀಸುತ್ತಿರುತ್ತದೆ. ಸೈಕಲ್ ತುಳಿಯುವವರ ಕೈ ಹ್ಯಾಂಡಲ್ ಬಿಗಿಹಿಡಿದು ರಸ್ತೆಯ ಪ್ರತಿಯೊಂದು ಕುಲುಕನ್ನೂ ತಾಳಿಕೊಳ್ಳುತ್ತಿರುತ್ತದೆ. ಗರಡಿಯಲ್ಲಿ ಅದೇ ಕೈ ಎದುರಾಳಿಯ ಕುತ್ತಿಗೆಯ ಮೇಲಿರುತ್ತದೆ. ಮಣಿಕಟ್ಟಿಗೆ ಕಟ್ಟಿದ ಗಡಿಯಾರ ಈ ಮೂವರಿಗೂ ಒಂದೇ ರೀತಿ ಸತ್ಯ ಹೇಳಲಾರದು. ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಈ ಸಾಧನದ ಅಗತ್ಯ ಈಗ ನಿಜವಾಗಿಯೂ ಇದೆ. ರಾಷ್ಟ್ರಮಟ್ಟದಲ್ಲಿ ಸ್ಪರ್ಧಿಸುವ ಸೈಕ್ಲಿಂಗ್ ಪಟುಗಳನ್ನು ವಿಜಯಪುರ ಮತ್ತು ಬಾಗಲಕೋಟೆ ಸಾಲುಸಾಲಾಗಿ ಕೊಟ್ಟಿವೆ. ಸೇನಾ ಭರ್ತಿಗೆ, ಪೊಲೀಸ್ ನೇಮಕಾತಿಗೆ ತಯಾರಾಗುವ ಯುವಕರು ಬೆಳಗಾವಿ ಸುತ್ತಲಿನ ಊರುಗಳಲ್ಲಿ ನಸುಕಿನಲ್ಲೇ ಓಡುತ್ತಿರುತ್ತಾರೆ. ವೈದ್ಯರು ಹೇಳಿದರೆಂದು ವಾಕಿಂಗ್ ಹಿಡಿದ ನಡುವಯಸ್ಸಿನವರು ವ್ಯಾಕ್ಸಿನ್ ಡಿಪೋ ಮೈದಾನದಲ್ಲೂ ಸಿಗುತ್ತಾರೆ, ಗೋಳಗುಮ್ಮಟದ ಆವರಣದಲ್ಲೂ ಸಿಗುತ್ತಾರೆ. ಆದರೆ ಪೆಟ್ಟಿಗೆಯೊಳಗಿನ ಕೈಪಿಡಿಯಲ್ಲಿ ನಮ್ಮ ಏಪ್ರಿಲ್ ಬಿಸಿಲಿಲ್ಲ, ಬೋರ್‌ವೆಲ್ಲಿನ ಸವಳು ನೀರಿಲ್ಲ, ಬಳೆಯೂ ಇಲ್ಲ, ಹಚ್ಚೆಯೂ ಇಲ್ಲ. ಅವೆಲ್ಲವನ್ನೂ ಗಮನದಲ್ಲಿಟ್ಟುಕೊಂಡು ಆರಿಸುವ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲ ಹೆಜ್ಜೆ: ಬೆರಳಿನಿಂದ ನಾಡಿ ಎಣಿಸಲು ಕಲಿಯಿರಿ

ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನಲ್ಲಿ ತೋರುಬೆರಳು ಮತ್ತು ನಡುಬೆರಳನ್ನು ಹಗುರವಾಗಿ ಇಡಿ. ಹೆಬ್ಬೆರಳನ್ನು ಬಳಸಬೇಡಿ, ಅದರಲ್ಲೇ ಒಂದು ಬಡಿತವಿರುವುದರಿಂದ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಎದ್ದ ಕೂಡಲೇ, ಚಹಾ ಕುಡಿಯುವ ಮೊದಲು, 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಇದು ನಿಮ್ಮ ವಿಶ್ರಾಂತಿ ಬಡಿತ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100ರ ನಡುವೆ ಇರುತ್ತದೆ. ವರ್ಷಗಟ್ಟಲೆ ಸೈಕಲ್ ತುಳಿದವರಲ್ಲಿ, ಓಡಿದವರಲ್ಲಿ 40ರಿಂದ 60ರ ನಡುವೆಯೂ ಇರಬಹುದು. ವ್ಯಾಯಾಮ ನಿಲ್ಲಿಸಿದ ತಕ್ಷಣ ಎಣಿಸುವಾಗ 15 ಸೆಕೆಂಡು ಸಾಕು, ನಾಲ್ಕರಿಂದ ಗುಣಿಸಿ. ನಿಂತ ಮರುಕ್ಷಣವೇ ಬಡಿತ ಇಳಿಯತೊಡಗುವುದರಿಂದ ಹೆಚ್ಚು ಹೊತ್ತು ಎಣಿಸಿದಷ್ಟೂ ಉತ್ತರ ಕಡಿಮೆ ಬರುತ್ತದೆ.

ಈ ಕೌಶಲ ಏಕೆ ಮೊದಲು ಬೇಕು? ಕೊಂಡ ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸಲು ನಿಮ್ಮ ಬಳಿ ಇರುವ ಉಪಕರಣ ಇದೊಂದೇ. ಕೊರೊನಾ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಮನೆಯ ಯಾವುದಾದರೂ ಡ್ರಾಯರ್‌ನಲ್ಲಿ ಇದ್ದರೆ ಅದನ್ನೂ ಹೊರತೆಗೆಯಿರಿ. ಕುಳಿತಲ್ಲಿ ಅದು ತೋರಿಸುವ ನಾಡಿ ನಂಬಲರ್ಹ. ಕೈ ಅಲುಗಾಡಿತೆಂದರೆ ಮಾತ್ರ ಅದರ ಅಂಕಿಗಳಿಗೆ ಅರ್ಥವಿಲ್ಲ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯುವುದಷ್ಟೇ ನಿಮ್ಮ ವ್ಯಾಯಾಮವಾಗಿದ್ದರೆ ಯಂತ್ರ ಕೊಳ್ಳದಿದ್ದರೂ ನಡೆಯುತ್ತದೆ. ನಡೆಯುತ್ತಾ ಮಾತನಾಡಲು ಬರುತ್ತದೆ, ಆದರೆ ಹಾಡಲು ಉಸಿರು ಸಾಲದು ಎನ್ನುವ ಮಟ್ಟವೇ ಮಧ್ಯಮ ಶ್ರಮದ ಗುರುತು. ಎರಡು ಮಾತಿಗೇ ಏದುಸಿರು ಬಂದರೆ ಅದು ತೀವ್ರ ಶ್ರಮ. ಈ ಪರೀಕ್ಷೆಗೆ ಚಾರ್ಜಿಂಗ್ ಬೇಕಿಲ್ಲ.

ಎರಡನೆಯ ಹೆಜ್ಜೆ: ಬಡಿತವನ್ನು ಎಲ್ಲಿಂದ ಅಳೆಯುತ್ತಾರೆ ಎಂಬುದನ್ನು ತಿಳಿಯಿರಿ

ಮಾರುಕಟ್ಟೆಯಲ್ಲಿ ನೂರಾರು ಮಾದರಿಗಳಿದ್ದರೂ ಅಳೆಯುವ ವಿಧಾನ ಎರಡೇ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನು ಹಿಡಿಯುತ್ತದೆ. ಆಸ್ಪತ್ರೆಯ ಇಸಿಜಿ ನಡೆಯುವುದೂ ಇದೇ ತತ್ವದ ಮೇಲೆ. ಪ್ರತಿ ಬಡಿತಕ್ಕೂ ಒಂದು ಚೂಪಾದ ಏರು ಸಿಗುವುದರಿಂದ ಎಣಿಕೆ ಖಚಿತ, ಬದಲಾವಣೆಯೂ ತಕ್ಷಣ ಕಾಣುತ್ತದೆ. ಫಿನ್‌ಲೆಂಡಿನ ಪೋಲಾರ್ ಕಂಪನಿ ಕ್ರೀಡಾಪಟುಗಳಿಗಾಗಿ ತಂತಿಯಿಲ್ಲದ ಇಂಥ ಪಟ್ಟಿಯನ್ನು 1982ರಲ್ಲಿ ಹೊರತಂದಿತು. ನಾಲ್ಕು ದಶಕ ಕಳೆದರೂ ವ್ಯಾಯಾಮದ ವೇಳೆ ಬಡಿತ ಅಳೆಯಲು ಇದಕ್ಕಿಂತ ನಂಬಿಕಸ್ಥ ವಿಧಾನ ಸಾಮಾನ್ಯರ ಕೈಗೆ ಬಂದಿಲ್ಲ.

ಎರಡನೆಯದು ಬೆಳಕಿನ ವಿಧಾನ. ಗಡಿಯಾರದ ಬೆನ್ನಿನಲ್ಲಿ ಮಿನುಗುವ ಹಸಿರು ದೀಪವನ್ನು ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ರಕ್ತದ ಪ್ರಮಾಣ ಏರಿಳಿಯುತ್ತದೆ, ಹಿಂತಿರುಗುವ ಬೆಳಕೂ ಅದರೊಂದಿಗೆ ಏರಿಳಿಯುತ್ತದೆ. ಆ ಅಲೆಯನ್ನು ಎಣಿಸಿ ಬಡಿತವೆಷ್ಟೆಂದು ಗಡಿಯಾರ ಅಂದಾಜು ಮಾಡುತ್ತದೆ. ಕುಳಿತಾಗ, ಮಲಗಿದಾಗ, ಒಂದೇ ವೇಗದಲ್ಲಿ ನಡೆಯುವಾಗ ಈ ಅಂದಾಜು ಚೆನ್ನಾಗಿರುತ್ತದೆ. ಕೈ ಕುಲುಕಿದಾಗ ರಕ್ತವೂ ಕುಲುಕುತ್ತದೆ, ಪಟ್ಟಿ ಸಡಿಲವಾದರೆ ಹೊರಗಿನ ಬೆಳಕು ನುಗ್ಗುತ್ತದೆ. ಎಡವಟ್ಟು ಶುರುವಾಗುವುದೇ ಆಗ.

ಓಟಗಾರರಿಗೆ ಇದರಲ್ಲಿ ಒಂದು ವಿಶೇಷ ಮೋಸ ಕಾದಿರುತ್ತದೆ. ಓಡುವಾಗ ನಿಮಿಷಕ್ಕೆ 160ರಿಂದ 180 ಹೆಜ್ಜೆ ಬೀಳುತ್ತವೆ. ಗಡಿಯಾರ ಕೆಲವೊಮ್ಮೆ ಬಡಿತವನ್ನು ಬಿಟ್ಟು ಹೆಜ್ಜೆಯ ಕುಲುಕನ್ನೇ ಎಣಿಸತೊಡಗುತ್ತದೆ. ನಿಧಾನವಾಗಿ ಓಡುತ್ತಿದ್ದೀರಿ, ಉಸಿರು ಆರಾಮವಾಗಿದೆ, ಆದರೂ ಪರದೆ 172 ಎನ್ನುತ್ತದೆ ಎಂದುಕೊಳ್ಳಿ. ಆಗ ಅರ್ಧ ನಿಮಿಷ ಹೆಜ್ಜೆಗಳನ್ನು ಎಣಿಸಿ ಎರಡರಿಂದ ಗುಣಿಸಿ. ಎರಡು ಅಂಕಿಗಳೂ ಹೊಂದಿಕೊಂಡರೆ ಗಡಿಯಾರ ಎಣಿಸುತ್ತಿರುವುದು ನಿಮ್ಮ ಕಾಲನ್ನು, ಹೃದಯವನ್ನಲ್ಲ. ನಿಂತು, ಗಡಿಯಾರವನ್ನು ಎರಡು ಬೆರಳು ಮೇಲಕ್ಕೆ ಸರಿಸಿ, ಬಿಗಿಯಾಗಿ ಕಟ್ಟಿ ಮತ್ತೆ ಹೊರಡಿ.

ಇದೇ ಬೆಳಕಿನ ಸಂವೇದಕವನ್ನು ಮುಂಗೈಗೆ ಅಥವಾ ತೋಳಿಗೆ ಕಟ್ಟುವ ಪಟ್ಟಿಗಳೂ ಬಂದಿವೆ. ತೋಳಿನಲ್ಲಿ ಮೂಳೆ, ಸ್ನಾಯುರಜ್ಜುಗಳ ಅಡ್ಡಿ ಕಡಿಮೆ, ಮಾಂಸ ಹೆಚ್ಚು. ಪಟ್ಟಿ ಚೆನ್ನಾಗಿ ಅಂಟಿಕೊಂಡು ಕೂರುತ್ತದೆ. ಮಣಿಕಟ್ಟಿಗಿಂತ ಸ್ಪಷ್ಟವಾಗಿ ಉತ್ತಮ, ಎದೆಪಟ್ಟಿಗಿಂತ ತುಸು ಕಡಿಮೆ. ನಮ್ಮ ಅಂಗಡಿಗಳಲ್ಲಿ ಇದರ ಹೆಸರೇ ಕೇಳಿಬರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಬಹಳ ಜನರಿಗೆ ಇದೇ ಸರಿಹೊಂದುವ ಸಾಧನ.

ಮೂರನೆಯ ಹೆಜ್ಜೆ: ನಿಮ್ಮ ವ್ಯಾಯಾಮಕ್ಕೆ ತಕ್ಕುದನ್ನು ಆರಿಸಿ

ಸೈಕಲ್ ತುಳಿಯುವವರಿಂದ ಆರಂಭಿಸುತ್ತೇನೆ, ಈ ಭಾಗದಲ್ಲಿ ಬಡಿತ ಮಾಪಕದ ಪೂರ್ಣ ಪ್ರಯೋಜನ ಸಿಗುವುದು ಅವರಿಗೇ. ವಿಜಯಪುರದ ಸುತ್ತ ರಸ್ತೆ ಸಪಾಟು, ಗಾಳಿಗೆ ಅಡ್ಡಿಯಿಲ್ಲ. ಹೋಗುವಾಗ ಬೆನ್ನಿಗೆ ಗಾಳಿಯಿದ್ದರೆ ಗಂಟೆಗೆ 35 ಕಿ.ಮೀ. ಸುಲಭ, ಬರುವಾಗ ಅದೇ ಗಾಳಿ ಎದೆಗೆ ಬಡಿದರೆ 22 ಕೂಡ ಕಷ್ಟ. ವೇಗ ನೋಡಿ ತರಬೇತಿ ಮಾಡಿದರೆ ಹೋಗುವಾಗ ಸೋಮಾರಿಗಳಾಗುತ್ತೀರಿ, ಬರುವಾಗ ಸುಸ್ತಾಗಿ ಬೀಳುತ್ತೀರಿ. ಗಾಳಿ ಯಾವ ಕಡೆಯಿಂದ ಬಂದರೂ ದೇಹ ಎಷ್ಟು ದುಡಿಯುತ್ತಿದೆ ಎಂಬುದನ್ನು ಬಡಿತ ಹೇಳುತ್ತದೆ. ಪೆಡಲ್ ತುಳಿಯುವ ಶಕ್ತಿಯನ್ನು ನೇರವಾಗಿ ಅಳೆಯುವ ಪವರ್ ಮೀಟರ್ ಕೊಳ್ಳಲಾಗದ ಹುಡುಗರಿಗೆ, ಹುಡುಗಿಯರಿಗೆ ಅದರ ಹತ್ತಿರಕ್ಕೆ ಬರುವ ಅಗ್ಗದ ದಾರಿ ಇದು. ಇವರು ಕೊಳ್ಳಬೇಕಾದದ್ದು ಎದೆಪಟ್ಟಿ. ಹ್ಯಾಂಡಲ್ ಮೇಲೆ ಮಣಿಕಟ್ಟು ಬಾಗಿರುತ್ತದೆ, ಹಿಡಿತದಿಂದ ಸ್ನಾಯು ಬಿಗಿದಿರುತ್ತದೆ, ರಸ್ತೆಯ ಅದುರು ನೇರವಾಗಿ ಕೈಗೆ ಬರುತ್ತದೆ. ಇಲ್ಲಿ ಗಡಿಯಾರದ ಅಂಕಿ ನಂಬಿ ತರಬೇತಿ ಯೋಜಿಸಬಾರದು. ಬೆಳಗಾವಿಯವರು ಯಳ್ಳೂರಗಡದ ಏರನ್ನು ಹತ್ತುವಾಗಲೂ ಇದೇ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಬಿಡುವುದಿಲ್ಲ, ಆದರೆ ಎದೆಪಟ್ಟಿಗೆ ತೇವ ಇಷ್ಟ. ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರ್ ನೀರು ತಡೆಯುತ್ತದೆಯೇ ಎಂದಷ್ಟೇ ನೋಡಿಕೊಳ್ಳಿ.

ಭರ್ತಿಗೆ ತಯಾರಾಗುವ ಯುವಕರ ವಿಷಯ ಸ್ವಲ್ಪ ಬೇರೆ. ಅವರ ಮುಖ್ಯ ಪರೀಕ್ಷೆ 1,600 ಮೀಟರ್ ಓಟ, ಐದಾರು ನಿಮಿಷಗಳಲ್ಲಿ ಮುಗಿದುಹೋಗುವಂಥದ್ದು. ಆ ಓಟದ ದಿನ ಬೇಕಾಗುವುದು ಸ್ಟಾಪ್‌ವಾಚ್, ಬಡಿತ ಮಾಪಕವಲ್ಲ. ಬಡಿತದ ಉಪಯೋಗ ಇರುವುದು ಉಳಿದ ದಿನಗಳಲ್ಲಿ. ಪ್ರತಿದಿನವೂ ಪ್ರಾಣ ಒತ್ತೆಯಿಟ್ಟು ಓಡುವ ಹುಡುಗರನ್ನು ನೋಡಿದಾಗ ಸಂಕಟವಾಗುತ್ತದೆ, ಮೊಣಕಾಲ ಕೆಳಗಿನ ಮೂಳೆ ನೋವು ತಂದುಕೊಂಡು ಭರ್ತಿಯ ಹೊತ್ತಿಗೆ ಕುಂಟುವವರು ಇವರೇ. ವಾರದ ಹೆಚ್ಚಿನ ಓಟ ನಿಧಾನವಾಗಿರಬೇಕು. ಆ ನಿಧಾನವನ್ನು ಕಾಯಲು ಬಡಿತ ಮಾಪಕ ನೆರವಾಗುತ್ತದೆ. ಮೂರು ಮಂದಿ ಗೆಳೆಯರು ಸೇರಿ ಒಂದು ಎದೆಪಟ್ಟಿಯ ಪಾಡ್ (ಪಟ್ಟಿಗೆ ಸಿಕ್ಕಿಸುವ, ಬಡಿತದ ಅಂಕಿ ಕಳುಹಿಸುವ ಪುಟ್ಟ ಯಂತ್ರ) ಕೊಂಡು, ಪಟ್ಟಿಯನ್ನು ಮಾತ್ರ ಬೇರೆಬೇರೆ ಇಟ್ಟುಕೊಂಡರೂ ಕೆಲಸವಾಗುತ್ತದೆ.

ಗರಡಿಯ ಪೈಲ್ವಾನರು ಅಖಾಡದೊಳಗೆ ಏನನ್ನೂ ಕಟ್ಟಿಕೊಳ್ಳಬಾರದು. ಪಾಡ್ ಗಟ್ಟಿ ವಸ್ತು, ಜೊತೆಗಾರನಿಗೆ ಪೆಟ್ಟಾಗುತ್ತದೆ. ದಂಡ, ಬೈಠಕ್, ಹಗ್ಗ ಹತ್ತುವ ಹೊತ್ತಿನಲ್ಲಿ ಎದೆಪಟ್ಟಿ ಕಟ್ಟಬಹುದು, ಆದರೆ ದಂಡ ಹೊಡೆಯುವಾಗ ಮಣಿಕಟ್ಟು ಪೂರ್ತಿ ಮಡಚುವುದರಿಂದ ಗಡಿಯಾರ ಬೇಡ. ಕುಸ್ತಿಗೆ ನಿಜವಾಗಿ ಬೇಕಾದ ಅಂಕಿ ಬೇರೆಯೇ ಇದೆ. ಒಂದು ಪಟ್ಟು ಮುಗಿದ ಕೂಡಲೇ ಕುತ್ತಿಗೆಯ ನಾಡಿ ಎಣಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಎಷ್ಟು ಇಳಿಯಿತು ಎಂದು ವಸ್ತಾದರು ವಾರಕ್ಕೊಮ್ಮೆ ಬರೆದಿಟ್ಟರೆ ಹುಡುಗನ ದಮ್ಮು ಬೆಳೆಯುತ್ತಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ.

ವಾಕಿಂಗ್ ಮಾಡುವವರಿಗೆ ಸಾಧಾರಣ ಫಿಟ್‌ನೆಸ್ ಬ್ಯಾಂಡ್ ಸಾಕು. ಇಲ್ಲಿ ಹೆಣ್ಣುಮಕ್ಕಳಿಗೆ ಎರಡು ಸೂಚನೆಗಳನ್ನು ವಿಶೇಷವಾಗಿ ಹೇಳಬೇಕು. ಕೈತುಂಬ ಬಳೆಯಿದ್ದರೆ ಪ್ರತಿ ಹೆಜ್ಜೆಗೂ ಬಳೆ ಗಡಿಯಾರವನ್ನು ತಳ್ಳುತ್ತದೆ, ಸಂವೇದಕ ಚರ್ಮದಿಂದ ಎದ್ದು ಅಂಕಿ ಹಾರಾಡುತ್ತದೆ. ಬಳೆ ತೆಗೆಯಬೇಕಿಲ್ಲ, ತೋಳಿನ ಪಟ್ಟಿ ಕೊಳ್ಳಿ. ರವಿಕೆಯ ತೋಳಿನ ಕೆಳಗೆ ಕಾಣದಂತೆ ಕೂರುತ್ತದೆ. ಎರಡನೆಯದು ಹಚ್ಚೆ. ನಮ್ಮ ಹಿರಿಯ ಹೆಣ್ಣುಮಕ್ಕಳ ಮುಂಗೈ ತುಂಬ ಹಸಿರು ಹಚ್ಚೆಯಿರುತ್ತದೆ. ಚರ್ಮದೊಳಗಿನ ಬಣ್ಣ ಬೆಳಕನ್ನು ತಡೆಯುವುದರಿಂದ ಗಡಿಯಾರ ಖಾಲಿ ಗೆರೆ ತೋರಿಸಬಹುದು, ಇಲ್ಲವೇ ತಪ್ಪು ಅಂಕಿ ಕೊಡಬಹುದು. ಯಂತ್ರ ಕೆಟ್ಟಿದೆಯೆಂದು ಹಿಂದಿರುಗಿಸುವ ಮೊದಲು ಹಚ್ಚೆಯಿಲ್ಲದ ಜಾಗಕ್ಕೆ ಕಟ್ಟಿ ನೋಡಿ.

ಈಜುವವರು ಒಂದನ್ನು ತಿಳಿದಿರಲಿ: ಬ್ಲೂಟೂತ್ ಸಂಕೇತ ನೀರಿನೊಳಗೆ ಕೆಲವೇ ಸೆಂಟಿಮೀಟರ್ ಸಾಗುತ್ತದೆ. ಬಡಿತವನ್ನು ತನ್ನೊಳಗೇ ದಾಖಲಿಸಿಟ್ಟುಕೊಂಡು ಆಮೇಲೆ ಮೊಬೈಲಿಗೆ ಕಳುಹಿಸುವ ಮಾದರಿಯೇ ಬೇಕು.

ನಾಲ್ಕನೆಯ ಹೆಜ್ಜೆ: ಪೆಟ್ಟಿಗೆಯ ಮೇಲೆ ಏನಿದೆ ನೋಡಿ

ಎದೆಪಟ್ಟಿ ಅಂಕಿ ತೋರಿಸುವುದಿಲ್ಲ, ಕಳುಹಿಸುತ್ತದೆ ಅಷ್ಟೇ. ತೋರಿಸಲು ಮೊಬೈಲ್, ಗಡಿಯಾರ ಅಥವಾ ಸೈಕಲ್ ಕಂಪ್ಯೂಟರ್ ಬೇಕು. ಮೊಬೈಲಿಗೆ ಬ್ಲೂಟೂತ್ ಸಾಕು. ಸೈಕಲ್ ಕಂಪ್ಯೂಟರ್‌ಗಳು, ಗಾರ್ಮಿನ್‌ನಂಥ ಗಡಿಯಾರಗಳು ಆಂಟ್ ಪ್ಲಸ್ ಎಂಬ ಇನ್ನೊಂದು ಸಂಪರ್ಕ ವಿಧಾನವನ್ನೂ ಬಳಸುತ್ತವೆ. ಎರಡೂ ಇರುವ ಪಟ್ಟಿಯನ್ನೇ ಕೊಳ್ಳಿ, ಮುಂದೆ ಉಪಕರಣ ಬದಲಾದರೂ ಪಟ್ಟಿ ಉಳಿಯುತ್ತದೆ.

ಬ್ಯಾಟರಿ ಬದಲಿಸಲು ಬರುತ್ತದೆಯೇ? ಹೆಚ್ಚಿನ ಎದೆಪಟ್ಟಿಗಳಲ್ಲಿ 2032 ಸಂಖ್ಯೆಯ ಬಟನ್ ಸೆಲ್ ಇರುತ್ತದೆ, ಯಾವ ಊರಿನ ಗಡಿಯಾರದ ಅಂಗಡಿಯಲ್ಲಾದರೂ ಸಿಗುತ್ತದೆ, ತಿಂಗಳುಗಟ್ಟಲೆ ಬಾಳುತ್ತದೆ. ಪಟ್ಟಿ ಬೇರೆ, ಪಾಡ್ ಬೇರೆ ಆಗಿದೆಯೇ? ಬೆವರು ಕುಡಿದ ಪಟ್ಟಿ ಮೊದಲು ಹಾಳಾಗುತ್ತದೆ, ಅದನ್ನಷ್ಟೇ ಕೊಳ್ಳಲು ಸಿಗಬೇಕು. ಎದೆಯ ಸುತ್ತಳತೆ ಅಳೆದು ಪಟ್ಟಿಯ ಅಳತೆ ಆರಿಸಿ. ಉಳಿದಂತೆ ಒತ್ತಡದ ಅಂಕ, ನಿದ್ರೆಯ ಅಂಕ, ನೂರು ಬಗೆಯ ಕ್ರೀಡಾ ವಿಧಾನ ಇವುಗಳಿಗೆ ಹೆಚ್ಚು ದುಡ್ಡು ಕೊಡಬೇಡಿ.

ಅತಿ ಅಗ್ಗದ ಗಡಿಯಾರವನ್ನು ಬಾಟಲಿಗೆ ಕಟ್ಟಿದರೂ ಬಡಿತ ತೋರಿಸುತ್ತದೆ ಎಂದು ನಗುವ ವಿಡಿಯೊಗಳನ್ನು ನೋಡಿರಬಹುದು. ಅದು ನ್ಯಾಯವಾದ ಪರೀಕ್ಷೆಯಲ್ಲ; ಒಳ್ಳೆಯ ಸಂವೇದಕವೂ ಕೆಲವು ವಸ್ತುಗಳ ಮೇಲೆ ಇಲ್ಲದ ಅಲೆಯನ್ನು ಕಂಡು ಅಂಕಿ ಕೊಡುತ್ತದೆ. ನಿಜವಾದ ಪರೀಕ್ಷೆ ಹೀಗೆ ಮಾಡಿ. ಐದು ನಿಮಿಷ ಕುಳಿತು ಬೆರಳಿನ ಎಣಿಕೆಯೊಂದಿಗೆ ಹೋಲಿಸಿ. ಆಮೇಲೆ ಒಂದೇ ಉಸಿರಿಗೆ ಎರಡು ಮೂರು ಮಹಡಿ ಮೆಟ್ಟಿಲು ಹತ್ತಿ, ಮೇಲೆ ನಿಂತ ಕೂಡಲೇ ನಾಡಿ ಎಣಿಸಿ ಪರದೆ ನೋಡಿ. ಗೋಳಗುಮ್ಮಟದ ಮೂಲೆಗೋಪುರದ ಕಡಿದಾದ ಮೆಟ್ಟಿಲುಗಳನ್ನು ಪಿಸುಮಾತಿನ ಗ್ಯಾಲರಿಯವರೆಗೆ ಹತ್ತಿದವರಿಗೆ ಬಡಿತ ಎಷ್ಟು ಬೇಗ ಏರುತ್ತದೆಂದು ಗೊತ್ತು. ಮಣಿಕಟ್ಟಿನ ಗಡಿಯಾರ ಈ ಏರನ್ನು ಹಲವು ಸೆಕೆಂಡುಗಳ ನಂತರ ಹಿಡಿಯುತ್ತದೆ, ಅಷ್ಟು ತಡ ಸಹಜ. ನಿಮಿಷ ಕಳೆದರೂ 90 ಎನ್ನುತ್ತಿದ್ದು ಬೆರಳಿಗೆ 140 ಸಿಗುತ್ತಿದ್ದರೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಕಳುಹಿಸಿಬಿಡಿ. ಹೀಗಾಗಿ ಬಿಲ್ಲು ಮತ್ತು ಪೆಟ್ಟಿಗೆಯನ್ನು ಮೊದಲ ವಾರ ಎಸೆಯಬೇಡಿ.

ಬೆಳಗಾವಿಯ ದಂಡು ಪ್ರದೇಶದಲ್ಲಿ ಓಡುವವರಿಗೆ, ವಿಶೇಷವಾಗಿ ಮರಾಠಾ ಲಘು ಪದಾತಿ ದಳದ ಕೇಂದ್ರದ ಆಸುಪಾಸಿನವರಿಗೆ ಒಂದು ಮಾತು: ಆ್ಯಪ್‌ನಲ್ಲಿ ಓಡಿದ ದಾರಿಯನ್ನು ಸಾರ್ವಜನಿಕವಾಗಿ ಇಡಬೇಡಿ. 2018ರ ಜನವರಿಯಲ್ಲಿ ಸ್ಟ್ರಾವಾ ಆ್ಯಪ್‌ನ ನಕ್ಷೆಯಿಂದ ಹಲವು ದೇಶಗಳ ಸೇನಾ ನೆಲೆಗಳು ಬಯಲಾದದ್ದು ದೊಡ್ಡ ಸುದ್ದಿಯಾಗಿತ್ತು.

ಐದನೆಯ ಹೆಜ್ಜೆ: ಅಂಕಿಯನ್ನು ಓದುವುದು

220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಎಂಬ ಸೂತ್ರ ಎಲ್ಲರಿಗೂ ಗೊತ್ತು. 2001ರಲ್ಲಿ ಬಂದ ಇನ್ನೊಂದು ಸೂತ್ರ ವಯಸ್ಸಾದವರಿಗೆ ಹೆಚ್ಚು ಹೊಂದುತ್ತದೆ: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ. 60 ವರ್ಷದವರಿಗೆ ಮೊದಲನೆಯದು 160 ಕೊಟ್ಟರೆ ಎರಡನೆಯದು 166 ಕೊಡುತ್ತದೆ. ಎರಡೂ ಸರಾಸರಿಯ ಮಾತು. ಒಬ್ಬ ವ್ಯಕ್ತಿಯಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಸಾಮಾನ್ಯ. ಗರಿಷ್ಠದ ಶೇ 64ರಿಂದ 76ರವರೆಗೆ ಮಧ್ಯಮ ಶ್ರಮ, ಶೇ 77ರಿಂದ 93ರವರೆಗೆ ತೀವ್ರ ಶ್ರಮ. 45 ವರ್ಷದವರಿಗೆ ಮಧ್ಯಮ ಎಂದರೆ ಸುಮಾರು 112ರಿಂದ 133.

ಈ ಅಂಕಿಗಳು ಬೇಸಿಗೆಯಲ್ಲಿ ಮೇಲೆ ಸರಿಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಹೃದಯಕ್ಕೆ ಎರಡು ಕೆಲಸ. ಸ್ನಾಯುಗಳಿಗೂ ರಕ್ತ ಕಳುಹಿಸಬೇಕು, ಮೈ ತಣಿಸಲು ಚರ್ಮಕ್ಕೂ ಕಳುಹಿಸಬೇಕು. ಬೆವರು ಹರಿದಂತೆ ರಕ್ತದ ನೀರಿನಂಶ ಇಳಿಯುತ್ತದೆ, ಅದನ್ನು ತುಂಬಿಕೊಡಲು ಬಡಿತ ಏರುತ್ತದೆ. ಚಳಿಗಾಲದಲ್ಲಿ 130ಕ್ಕೆ ಮುಗಿಯುತ್ತಿದ್ದ ಅದೇ ವೇಗಕ್ಕೆ ಈಗ 145 ಬಂದರೆ ನೀವು ದುರ್ಬಲರಾಗಿಲ್ಲ, ಬಿಸಿಲು ತನ್ನ ಪಾಲು ಕೇಳುತ್ತಿದೆ. ಹಠ ಹಿಡಿದು ವೇಗ ಕಾಯಬೇಡಿ. ಬಡಿತವನ್ನು ಕಾಯ್ದುಕೊಂಡು ವೇಗ ಇಳಿಸಿ, ಸಾಧ್ಯವಾದರೆ ಸೂರ್ಯ ಹುಟ್ಟುವುದರೊಳಗೆ ಮುಗಿಸಿ.

ಮಾತ್ರೆ ತೆಗೆದುಕೊಳ್ಳುವವರು ಇದನ್ನು ಎಚ್ಚರದಿಂದ ಓದಬೇಕು. ರಕ್ತದೊತ್ತಡಕ್ಕೆ, ಹೃದಯಕ್ಕೆ ಕೊಡುವ ಮೆಟೊಪ್ರೊಲೋಲ್, ಅಟೆನೊಲೋಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳು ಬಡಿತ ಏರದಂತೆ ತಡೆಯುತ್ತವೆ. ಮೇಲಿನ ಯಾವ ಸೂತ್ರವೂ ಇವರಿಗೆ ಅನ್ವಯಿಸದು. 130 ತಲುಪಲೇಬೇಕೆಂದು ಒದ್ದಾಡಿದರೆ ಅಪಾಯ. ಎಷ್ಟರವರೆಗೆ ಹೋಗಬಹುದೆಂದು ವೈದ್ಯರನ್ನೇ ಕೇಳಿ. ಪೇಸ್‌ಮೇಕರ್ ಇರುವವರು, ಬಹುಕಾಲದಿಂದ ಸಕ್ಕರೆ ಕಾಯಿಲೆಯಿರುವವರು ಸಾಧನ ಕೊಳ್ಳುವ ಮೊದಲೇ ಕೇಳಬೇಕು. ಯಾವ ಬಡಿತ ಮಾಪಕವೂ ಹೃದಯಾಘಾತವನ್ನು ಪತ್ತೆಹಚ್ಚುವುದಿಲ್ಲ. ಎದೆ ಹಿಡಿದುಕೊಂಡಂತಾದರೆ, ನೋವು ದವಡೆಗೋ ತೋಳಿಗೋ ಹರಿದರೆ, ತಣ್ಣನೆಯ ಬೆವರು, ತಲೆಸುತ್ತು ಬಂದರೆ ಪರದೆ ಎಂಥ ಒಳ್ಳೆಯ ಅಂಕಿ ತೋರಿಸುತ್ತಿದ್ದರೂ ನಿಲ್ಲಿಸಿ ಕುಳಿತುಕೊಳ್ಳಿ, 108ಕ್ಕೆ ಕರೆ ಮಾಡಿ.

ಆರನೆಯ ಹೆಜ್ಜೆ: ಕಟ್ಟುವುದು, ತೊಳೆಯುವುದು

ಎದೆಪಟ್ಟಿಯ ಒಳಮೈಯಲ್ಲಿರುವ ಎರಡು ನುಣುಪು ಜಾಗಗಳನ್ನು ನೀರಿನಿಂದ ಒದ್ದೆ ಮಾಡಿ, ಎದೆಯ ಸ್ನಾಯುವಿನ ಕೆಳಗೆ ಕಟ್ಟಿ. ಹೆಣ್ಣುಮಕ್ಕಳು ಒಳಉಡುಪಿನ ಕೆಳಪಟ್ಟಿಯ ಅಡಿಯಲ್ಲಿ ಕಟ್ಟಬಹುದು. ಆಳವಾಗಿ ಉಸಿರೆಳೆದರೂ ಜಾರಬಾರದು, ಉಸಿರು ಕಟ್ಟಲೂಬಾರದು. ಒಣ ಹವೆಯ ದಿನಗಳಲ್ಲಿ ಬೆವರು ಬರುವ ಮೊದಲೇ 200 ದಾಟಿದ ಅಂಕಿ ಕಂಡರೆ ಗಾಬರಿಯಾಗಬೇಡಿ. ಪಾಲಿಯೆಸ್ಟರ್ ಅಂಗಿ ಗಾಳಿಗೆ ಪಟಪಟಿಸಿ ಹುಟ್ಟಿಸುವ ಸ್ಥಾಯಿ ವಿದ್ಯುತ್ತು ಸಂಕೇತವನ್ನು ಕೆಡಿಸುತ್ತದೆ. ಪಟ್ಟಿಯನ್ನು ಇನ್ನಷ್ಟು ಒದ್ದೆ ಮಾಡಿದರೆ ಸರಿಹೋಗುತ್ತದೆ. ಗಡಿಯಾರವಾದರೆ ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಕಟ್ಟಿ.

ಮನೆಗೆ ಬಂದ ಕೂಡಲೇ ಪಾಡನ್ನು ಪಟ್ಟಿಯಿಂದ ಬಿಡಿಸಿ. ಬೆವರಿನಿಂದ ಒದ್ದೆಯಾದ ಪಟ್ಟಿಗೆ ಅಂಟಿಕೊಂಡಿದ್ದರೆ ಪಾಡ್ ತಾನಿನ್ನೂ ಎದೆಯ ಮೇಲಿದ್ದೇನೆಂದು ತಿಳಿದು ಬ್ಯಾಟರಿ ಖರ್ಚು ಮಾಡುತ್ತಲೇ ಇರುತ್ತದೆ. ಪಟ್ಟಿಯನ್ನು ಪ್ರತಿ ಸಲ ನೀರಿನಲ್ಲಿ ಜಾಲಿಸಿ, ವಾರಕ್ಕೊಮ್ಮೆ ಮೃದುವಾದ ಸಾಬೂನಿನಿಂದ ತೊಳೆಯಿರಿ. ನಮ್ಮ ಬೋರ್‌ವೆಲ್ಲಿನ ಸವಳು ನೀರು ಒಣಗಿದ ಮೇಲೆ ಬಿಳಿ ಪದರ ಬಿಡುತ್ತದೆ. ಆ ಪದರ ಚರ್ಮಕ್ಕೂ ಪಟ್ಟಿಗೂ ನಡುವೆ ಕೂತರೆ ಸಂಕೇತ ಮಂಕಾಗುತ್ತದೆ, ಆದ್ದರಿಂದ ಕೊನೆಯ ಜಾಲನೆಗೆ ಒಂದು ಲೋಟ ಕುಡಿಯುವ ನೀರು ಬಳಸಿ. ಬ್ಲೀಚ್, ಬಿಸಿನೀರು, ಇಸ್ತ್ರಿ ಬೇಡ, ನೆರಳಿನಲ್ಲಿ ಒಣಗಿಸಿ. ಇಷ್ಟು ನೋಡಿಕೊಂಡರೂ ಒಂದು ದಿನ ಅಂಕಿ ನಡುನಡುವೆ ಮಾಯವಾಗತೊಡಗಿದರೆ ಮೊದಲು ಬಟನ್ ಸೆಲ್ ಬದಲಿಸಿ. ಆಗಲೂ ಸರಿಹೋಗದಿದ್ದರೆ ಪಟ್ಟಿಯನ್ನಷ್ಟೇ ಹೊಸದಾಗಿ ತರಿಸಿ, ಹಳೆಯ ಪಾಡಿನ ಗುಂಡಿಗಳ ನಡುವಿನ ಅಂತರಕ್ಕೆ ಅದು ಹೊಂದುತ್ತದೆಯೇ ಎಂದು ಕೇಳಿಕೊಂಡು.